ಉಸಿರು ನೆನಪಿಸುವ ಕೆಲಸ

ಆ ವಾರ್ಡಿನಲ್ಲಿ ಎಲ್ಲರೂ ಅವಳನ್ನು ‘ಮೂರ್ತಿಂಗಳು’ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಎದೆಯ ಮೇಲಿನ ಬಿಲ್ಲೆಯಲ್ಲಿ ದೊಡ್ಡದಾಗಿಯೇ ಅಚ್ಚಾಗಿತ್ತು. ಅದನ್ನು ಓದುವ ಪುರುಸೊತ್ತು ಯಾರಿಗಿತ್ತು? ಎಲ್ಲಿ ನರ್ಸುಗಳು ಸಾಲುವುದಿಲ್ಲವೋ ಆ ಆಸ್ಪತ್ರೆಗೆ ಏಜೆನ್ಸಿಯವರು ಅವಳನ್ನು ಕಳಿಸುತ್ತಿದ್ದರು. ಮೂರು ತಿಂಗಳು ದುಡಿಯುವುದು, ಪೆಟ್ಟಿಗೆ ಕಟ್ಟುವುದು, ಮುಂದಿನ ಊರಿಗೆ ಹೊರಡುವುದು. ಅಲ್ಲಿ ಮತ್ತೆ ಮೂರು ತಿಂಗಳು. ಓದು ಮುಗಿದಾಗಿನಿಂದ ಇದೇ ತಿರುಗಾಟ.

ಊರು ಬದಲಾಯಿಸುವುದು ಸುಲಭ. ಬದಲಾಯಿಸಿದ್ದೇವೆ ಎಂದು ಕೈಕಾಲಿಗೆ ತಿಳಿಸಿ ಹೇಳುವುದಿದೆಯಲ್ಲ, ಅದು ಕಷ್ಟ. ಬೆಳಿಗ್ಗೆ ಅರೆನಿದ್ದೆಯಲ್ಲಿ ಎದ್ದು ಬಚ್ಚಲಿಗೆಂದು ಹೊರಟರೆ ಹಣೆ ಬಟ್ಟೆಯ ಕಪಾಟಿಗೆ ಧಡ್ ಎಂದು ಬಡಿಯುತ್ತಿತ್ತು. ಬಚ್ಚಲು ಆ ಕಡೆ ಇದ್ದದ್ದು ಹಿಂದಿನ ಊರಿನ ರೂಮಿನಲ್ಲಿ! ದೀಪ ಹಾಕಲು ಎಡಗೈ ಚಾಚಿದರೆ ಬರೀ ಗೋಡೆ. ಸ್ವಿಚ್ಚು ಅಲ್ಲಿದ್ದದ್ದು ಅದಕ್ಕೂ ಹಿಂದಿನ ಊರಿನಲ್ಲಿ. ಬಿಸಿನೀರಿನದೆಂದು ತಿರುಗಿಸಿದ ನಲ್ಲಿಯಿಂದ ತಣ್ಣೀರು ಸುರಿದು ಅವಳು ಕಿರುಚಿದಾಗ, ಕೆಳಗಿನ ಅಂಗಡಿಯ ಟೈಲರಣ್ಣ ಹೊಲಿಗೆ ನಿಲ್ಲಿಸಿ, “ಏನಮ್ಮಾ, ಇಲೀನಾ?” ಎಂದು ಕೂಗಿ ಕೇಳಿದ್ದೂ ಉಂಟು.

ಅಕ್ಕ ದಿನಾ ಸಾಯಂಕಾಲ ಫೋನ್ ಮಾಡುತ್ತಿದ್ದಳು.

“ಊಟ ಆಯ್ತೇನೇ?”

“ಹ್ಞೂಂ ಕಣೇ ಅಕ್ಕಾ.”

“ಏನು ತಿಂದೆ?”

ಇವಳು ಬಾಯಲ್ಲಿದ್ದದ್ದನ್ನು ಮೆಲ್ಲಗೆ ನುಂಗಿದಳು.

“ಬಿಸ್ಕೆಟ್ ತಾನೇ? ಪುಡಿ ಉದುರೋ ಸದ್ದು ಇಲ್ಲಿಗೇ ಕೇಳ್ತಿದೆ. ಊರೋರ ಮಕ್ಕಳಿಗೆಲ್ಲ ಹೊತ್ತು ಹೊತ್ತಿಗೆ ಹಾಲು ಕುಡಿಸ್ತೀಯ, ನಿನ್ನ ಹೊಟ್ಟೆ ಯಾವ ವಾರ್ಡಿಗೆ ಸೇರಿದ್ದು?”

ಊರೋರ ಮಕ್ಕಳೆಂದರೆ ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳು. ಅವಳ ಕೆಲಸ ಎಲ್ಲ ಊರಿನಲ್ಲೂ ಅಂಥ ವಾರ್ಡುಗಳಲ್ಲೇ. ಆ ಮಕ್ಕಳದ್ದೊಂದು ವಿಚಿತ್ರವಿದೆ. ಅವು ಉಸಿರಾಡುವುದನ್ನು ಮರೆತುಬಿಡುತ್ತವೆ. ತಮಾಷೆಯಲ್ಲ, ನಿಜವಾಗಿ! ಹಾಯಾಗಿ ಮಲಗಿರುತ್ತವೆ, ಪುಟ್ಟ ಎದೆ ಏರಿಳಿಯುತ್ತಿರುತ್ತದೆ, ಇದ್ದಕ್ಕಿದ್ದ ಹಾಗೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಹೊಟ್ಟೆಯೊಳಗಿದ್ದಾಗ ಆ ಕೆಲಸ ಅವುಗಳಿಗೆ ಇರಲಿಲ್ಲವಲ್ಲ. ಅವಸರದಲ್ಲಿ ಹೊರಗೆ ಬಂದವು, ತಲೆಯೊಳಗೆ ಉಸಿರನ್ನು ನೋಡಿಕೊಳ್ಳುವ ಜಾಗ ಇನ್ನೂ ಬಲಿತಿಲ್ಲ. ಆಗ ನರ್ಸು ಏನು ಮಾಡಬೇಕು? ಹೆಚ್ಚಿನ ಸಲ ಸೂಜಿ ಬೇಡ, ಔಷಧಿ ಬೇಡ. ಅಂಗಾಲನ್ನು ಬೆರಳಿನಿಂದ ಮೆಲ್ಲಗೆ ತೀಡಿದರೆ ಸಾಕು. ‘ಅಯ್ಯೋ, ಹೌದಲ್ಲ!’ ಎಂಬಂತೆ ಮಗು ಮೈ ಕೊಡವಿ ಉಸಿರೆಳೆದುಕೊಳ್ಳುತ್ತದೆ.

ಒಂದು ಬೆರಳು, ಒಂದು ಅಂಗಾಲು. ಅಷ್ಟರಿಂದ ಒಂದು ಜೀವ ಮತ್ತೆ ಶುರುವಾಗುತ್ತದೆ. ಮೊದಲ ಸಲ ಅದನ್ನು ಮಾಡಿದ ದಿನ ಅವಳು ತನ್ನ ತೋರುಬೆರಳನ್ನು ಬಸ್ಸಿನಲ್ಲಿ ಮನೆ ತಲುಪುವವರೆಗೂ ನೋಡುತ್ತ ಕೂತಿದ್ದಳು. ಎಷ್ಟು ಊರು ದಾಟಿದ್ದರೂ, ಪ್ರತಿ ಸಲವೂ ಮೈ ಜುಮ್ಮೆನ್ನುವುದು ತಪ್ಪಿರಲಿಲ್ಲ.

ಈ ಊರಿನ ವಾರ್ಡಿನಲ್ಲಿ ಬೊಗಸೆ ಇದ್ದಳು. ಹುಟ್ಟಿದ ದಿನ ಅವರಪ್ಪ ನೋಡಿ, “ಇದೇನಿದು, ಒಂದು ಬೊಗಸೇನೂ ತುಂಬಲ್ಲ” ಎಂದು ಅತ್ತಿದ್ದನಂತೆ. ಹೆಸರು ಅದೇ ಉಳಿಯಿತು. ಈಗ ಅವಳು ಗಾಜಿನ ಪೆಟ್ಟಿಗೆ ಬಿಟ್ಟು ತೆರೆದ ತೊಟ್ಟಿಲಿಗೆ ಬಂದಿದ್ದಳು. ಹಾಲು ಕುಡಿಯುತ್ತಿದ್ದಳು, ಕೆನ್ನೆ ಬಂದಿತ್ತು, ಗೊರಕೆ ಕೂಡ ಹೊಡೆಯುತ್ತಿದ್ದಳು. ಮನೆಗೆ ಹೋಗಲು ಒಂದೇ ಒಂದು ಅಡ್ಡಿ. ವಾರ್ಡಿನ ಕಟ್ಟಳೆ ಹೀಗಿತ್ತು: ಮಗು ಇಡೀ ಒಂದು ವಾರ, ಯಾರೂ ಮುಟ್ಟಿ ನೆನಪಿಸದೆ, ತಾನಾಗಿಯೇ ಉಸಿರಾಡಿಕೊಂಡಿರಬೇಕು. ಆಗಾಗ ಚಿಕ್ಕದಾಗಿ ನಿಲ್ಲಿಸಿ ತಾನೇ ಶುರು ಮಾಡಿದರೆ ಪರವಾಗಿಲ್ಲ. ನರ್ಸು ಕೈ ಹಚ್ಚಬೇಕಾಗಿ ಬಂತೋ, ಆ ವಾರ ಹೋಯಿತು. ಮತ್ತೆ ಮೊದಲಿನಿಂದ.

ಬೊಗಸೆಯ ಅಮ್ಮ ಸಿಟಿ ಬಸ್ಸಿನ ಕಂಡಕ್ಟರು. ಇಡೀ ಬಸ್ಸಿಗೆ ಕೇಳಿಸುವಂತೆ ಕೂಗಿ ಅಭ್ಯಾಸವಾದ ಗಂಟಲು ಅವಳದು. ವಾರ್ಡಿನಲ್ಲಿ ಅದನ್ನು ಇಳಿಸಿಕೊಳ್ಳಲು ಪಡುತ್ತಿದ್ದ ಪಾಡು ನೋಡಿಯೇ ನಗು ಬರಬೇಕು. ತೊಟ್ಟಿಲಿನ ಮೇಲೆ ಬಾಗಿ, “ಸ್ಟಾಪ್ ಇಲ್ದಿರೋ ಕಡೆ ಎಲ್ಲಾ ನಿಲ್ಲಿಸ್ಬೇಡ್ವೇ ಮಗಳೇ. ರೈಟ್, ರೈಟ್, ಮುಂದೆ ಹೋಗ್ತಾ ಇರು” ಎನ್ನುತ್ತಿದ್ದಳು. ಎಲ್ಲರೂ ಅವಳನ್ನು ಕಂಡಕ್ಟರಮ್ಮ ಎನ್ನುತ್ತಿದ್ದರು.

ಮೂರ್ತಿಂಗಳು ಈ ಊರಿಗೆ ಬಂದ ಎರಡನೇ ವಾರದಲ್ಲಿ ಮೊದಲ ಎಡವಟ್ಟಾಯಿತು.

ಮಧ್ಯಾಹ್ನ. ಅವಳು ಕಿಟಕಿ ಪಕ್ಕದ ಮಗುವಿನ ಬಟ್ಟೆ ಬದಲಾಯಿಸುತ್ತಿದ್ದಳು. ಹಿಂದಿನಿಂದ ಇಂಪಾದ ಗಂಟೆ ಕೇಳಿಸಿತು: ಟಿಂಗ್, ಟಿಂಗ್, ಟೊಂಗ್. ಹಿಂದಿನ ಊರಿನ ಆಸ್ಪತ್ರೆಯಲ್ಲಿ ಆ ಸದ್ದು ಬಂದರೆ ಯಾರದೋ ಡ್ರಿಪ್ ಮುಗಿಯುತ್ತ ಬಂದಿದೆ ಎಂದು. ಕೈಯಲ್ಲಿರುವ ಕೆಲಸ ಮುಗಿಸಿ ಬಾಟಲಿ ಬದಲಾಯಿಸಿದರೆ ಆಯಿತು. ಅವಳು ಬಟ್ಟೆ ಕಟ್ಟಿದಳು, ಕೈ ಒರೆಸಿಕೊಂಡಳು, ಆರಾಮಾಗಿ ತಿರುಗಿ ಹೆಜ್ಜೆ ಹಾಕಿದಳು.

ಅವಳ ಭುಜ ತಾಗಿಸಿಕೊಂಡು ದೊಡ್ಡ ಸಿಸ್ಟರ್ ಓಡಿಹೋದರು. ವಾರ್ಡಿನ ಯಜಮಾನಿಕೆ ಅವರದು. ಮಂಡಿ ನೋವೆಂದು ಲಿಫ್ಟಿಗೆ ಕಾಯುತ್ತಿದ್ದ ಹೆಂಗಸು ಹಾಗೆ ಓಡಬಲ್ಲರೆಂದು ಯಾರೂ ಅಂದುಕೊಂಡಿರಲಿಲ್ಲ. ಬೊಗಸೆಯ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ದೊಡ್ಡ ಸಿಸ್ಟರ್ ಅಂಗಾಲು ತೀಡಿದರು, ಬೆನ್ನು ನೇವರಿಸಿದರು. ಇನ್ನೊಮ್ಮೆ ತೀಡಿದರು. ಬೊಗಸೆ ಮುಲುಗಿ ಉಸಿರೆಳೆದುಕೊಂಡಳು. ತುಟಿಗೆ ಬಣ್ಣ ಮರಳಿತು.

ಇಲ್ಲಿ ಆ ಗಂಟೆ ತೊಟ್ಟಿಲಿನ ಪಕ್ಕದ ಮೆಷಿನ್ನಿನದು, ಉಸಿರು ನಿಂತಿದ್ದಕ್ಕೆ. ಮೊದಲ ದಿನವೇ ಹೇಳಿಕೊಟ್ಟಿದ್ದರು. ತಲೆ ಕೇಳಿಸಿಕೊಂಡಿತ್ತು, ಕಾಲು ಕೇಳಿಸಿಕೊಂಡಿರಲಿಲ್ಲ.

“ಇದೇನು ಪಾರ್ಕಾ?” ದೊಡ್ಡ ಸಿಸ್ಟರ್ ಏದುಸಿರಿನಲ್ಲೇ ಕೇಳಿದರು. “ವಾಕಿಂಗ್ ಬಂದೋರ ಹಾಗೆ ಬರ್ತಿದ್ದೀಯಲ್ಲ!”

“ಸಿಸ್ಟರ್, ಅಲ್ಲಿ ಈ ಸೌಂಡು ಡ್ರಿಪ್ಪಿಗೆ...”

“ಅಲ್ಲಿ ಅಂದ್ರೆ ಎಲ್ಲಿ? ಈ ಮಗುಗೆ ಡ್ರಿಪ್ ಎಲ್ಲಿದೆ? ನೀನೇನೋ ಬಂದಿದ್ದೀಯ ಮೂರ್ತಿಂಗಳೂ, ನಿನ್ನ ಕಿವಿ ಇನ್ನೂ ಆ ಊರಲ್ಲಿ ಬಸ್ಸೇ ಹತ್ತಿಲ್ಲ.”

ಕಂಡಕ್ಟರಮ್ಮ ತೊಟ್ಟಿಲಿನ ಆ ಕಡೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಅಂದಿನಿಂದ ಮೂರ್ತಿಂಗಳು ಎಲ್ಲ ಸದ್ದಿಗೂ ಬೆಚ್ಚಿ ಬೀಳತೊಡಗಿದಳು. ಲಿಫ್ಟು ಟಿಂಗ್ ಎಂದರೆ ಊಟದ ಡಬ್ಬಿ ಬಿಟ್ಟು ಓಡುವಳು. ರಸ್ತೆಯಲ್ಲಿ ಸೈಕಲ್ ಬೆಲ್ಲು ಬಾರಿಸಿದರೆ ಎದೆ ಧಸಕ್ ಎನ್ನುವುದು. ರೂಮಿಗೆ ಬಂದು ಮಲಗಿದರೂ ಕಿವಿಯೊಳಗೆ ಅದೇ ಗಂಟೆ. ಡ್ಯೂಟಿಯಲ್ಲಿ ಮಾತ್ರ ಬೊಗಸೆಯ ತೊಟ್ಟಿಲು ಬಿಟ್ಟು ಕದಲುತ್ತಿರಲಿಲ್ಲ. ಬೊಗಸೆಯೂ ಜಾಣೆ, ಒಂದೊಂದೇ ದಿನ ದಾಟಿಸಿದಳು. ಇನ್ನು ಒಂದು ದಿನ ಕಳೆದರೆ ವಾರ ತುಂಬುತ್ತದೆ ಎನ್ನುವಾಗ ಕಂಡಕ್ಟರಮ್ಮ ಮನೆಗೆ ಕರೆದುಕೊಂಡು ಹೋಗಲೆಂದು ಹೊಸ ಟೋಪಿ ತಂದು ತೊಟ್ಟಿಲಿನ ಕಂಬಿಗೆ ಸಿಕ್ಕಿಸಿದಳು.

ಅವತ್ತೇ ಬೊಗಸೆಯ ಎದೆಯ ಏರಿಳಿತ ನಿಂತಿತು. ಗಂಟೆ ಬಾರಿಸಿರಲಿಲ್ಲ. ತುಟಿ ಕೆಂಪಗೇ ಇತ್ತು. ಆದರೆ ಮೂರ್ತಿಂಗಳ ಬೆರಳು ಅವಳನ್ನು ಕೇಳದೆಯೇ ಹೋಗಿ ಅಂಗಾಲು ತೀಡಿ ಬಂದುಬಿಟ್ಟಿತ್ತು!

ಬೊಗಸೆ ಬೆಚ್ಚಿ ಅತ್ತಳು. ಡಾಕ್ಟರು ರೌಂಡ್ಸಿಗೆ ಬಂದಾಗ ಮೂರ್ತಿಂಗಳು ತಾನಾಗಿಯೇ ಹೇಳಿದಳು.

“ಬಣ್ಣ ಬದಲಾಗಿತ್ತಾ?” ಡಾಕ್ಟರು ಕೇಳಿದರು.

“ಇಲ್ಲ ಡಾಕ್ಟ್ರೇ.”

“ಹಾರ್ಟು?”

“ಚೆನ್ನಾಗೇ ಓಡ್ತಿತ್ತು.”

“ಮತ್ಯಾಕೆ ಮುಟ್ಟಿದ್ರಿ?”

ಅವಳು ತನ್ನ ತೋರುಬೆರಳನ್ನು ನೋಡಿಕೊಂಡಳು. ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ಮುಟ್ಟಿ ಆಯ್ತಲ್ಲ. ಅವಳಾಗೇ ಎಳ್ಕೊಳ್ತಿದ್ಲೋ ಇಲ್ವೋ, ಈಗ ಯಾರಿಗೆ ಗೊತ್ತು? ಮೊದಲಿಂದ ಶುರು ಮಾಡಿ.”

ಈ ಸಲ ಕಂಡಕ್ಟರಮ್ಮ ಸುಮ್ಮನಿರಲಿಲ್ಲ. “ಅಲ್ಲ ಸಿಸ್ಟರ್, ನಿಮಗೇನು ಕೈ ಕಡೀತಿತ್ತಾ? ಬೇಕಾದಾಗ ನಡ್ಕೊಂಡು ಬರ್ತೀರಿ, ಬೇಡ್ದೇ ಇದ್ದಾಗ ಓಡಿ ಬರ್ತೀರಿ. ಹೀಗೇ ಆದ್ರೆ ನನ್ನ ಮಗಳನ್ನ ಇಲ್ಲಿಂದ ಸೀದಾ ಸ್ಕೂಲಿಗೇ ಸೇರಿಸ್ಬೇಕಾಗತ್ತೆ!” ಗಂಟಲು ಇಡೀ ಬಸ್ಸಿಗೆ ಕೇಳುವಷ್ಟು ಏರಿತ್ತು. ಆಮೇಲೆ ಟೋಪಿಯನ್ನು ಕಂಬಿಯಿಂದ ತೆಗೆದು ಚೀಲಕ್ಕೆ ತುರುಕಿಕೊಂಡಳು.

ಅಂದು ಸಾಯಂಕಾಲ ಅಕ್ಕನ ಫೋನು ಬಂದಾಗ ಇವಳೇ ಮೊದಲು ಮಾತಾಡಿದಳು. “ಏಜೆನ್ಸಿಯೋರಿಗೆ ಹೇಳ್ಬಿಡ್ತೀನಿ ಅಕ್ಕಾ, ನನ್ನ ಕೈಲಾಗಲ್ಲ. ಕೈ ಒಂದೂರಲ್ಲಿದೆ, ಕಿವಿ ಇನ್ನೊಂದೂರಲ್ಲಿದೆ. ಯಾವುದನ್ನ ನಂಬೋದು?”

“ಹೇಳು. ಬೇಡ ಅಂದೋರ್ಯಾರು? ಆದ್ರೆ ಉಂಡು ಹೇಳು. ಹಸ್ಕೊಂಡು ಏನೂ ತೀರ್ಮಾನ ಮಾಡ್ಬೇಡ.”

“ಹೊಟ್ಟೆ ಹಸಿದಿಲ್ಲ.”

“ನಾನು ಹೊಟ್ಟೇನ ಕೇಳಿದ್ನಾ? ಫೋನ್ ಹಿಡ್ಕೊಂಡೇ ಇರ್ತೀನಿ, ಹೋಗಿ ಅಕ್ಕಿ ತೊಳಿ.”

ಅಕ್ಕ ನಿಜವಾಗಿಯೂ ಫೋನ್ ಇಡಲಿಲ್ಲ. ಅನ್ನ ಬೇಯುವವರೆಗೆ ತನ್ನ ಅತ್ತೆಯನ್ನು ಬೈದಳು, ಉಣ್ಣುವವರೆಗೆ ನಾದಿನಿಯನ್ನು ಬೈದಳು. ಆ ಬೈಗುಳದ ಜೋಗುಳ ಕೇಳುತ್ತ, ತಟ್ಟೆ ತೊಳೆಯದೆಯೇ, ಮೂರ್ತಿಂಗಳು ಬೆಳಗಾಗುವವರೆಗೆ ಒಂದೇ ಮಗ್ಗುಲಲ್ಲಿ ನಿದ್ದೆ ಹೋದಳು.

ಮರುದಿನ ದೊಡ್ಡ ಸಿಸ್ಟರ್ ಅವಳಿಗೊಂದು ಸ್ಟೂಲು ಎಳೆದುಕೊಟ್ಟರು. “ಉಳಿದ ಮಕ್ಕಳನ್ನ ನಾನು ನೋಡ್ಕೋತೀನಿ. ನೀನು ಮೆಷಿನ್ನಿಗೆ ಬೆನ್ನು ಹಾಕಿ ಕೂತ್ಕೊಂಡು ಬೊಗಸೇನ ನೋಡು.”

“ಏನು ಮಾಡ್ಲಿ ಸಿಸ್ಟರ್?”

“ಏನೂ ಮಾಡ್ಬೇಡ. ಅದೇ ಕಷ್ಟ. ನನಗೂ ಬೇಗ ಬರ್ಲಿಲ್ಲ. ಮೆಷಿನ್ನು ಕೂಗಿದ್ರೆ ನಾನಿದ್ದೀನಿ.”

ಅವಳು ಕೂತಳು. ಮೊದಮೊದಲು ಏನೂ ಕಾಣಲಿಲ್ಲ, ಒಂದು ಮಗು ಮಲಗಿತ್ತು ಅಷ್ಟೆ. ಕಣ್ಣು ಪಳಗಿದ ಹಾಗೆ ಒಂದೊಂದೇ ಕಾಣಿಸಿತು. ಬೊಗಸೆ ಉಸಿರಾಡುತ್ತಿದ್ದದ್ದು ಎದೆಯಿಂದಲ್ಲ, ಹೊಟ್ಟೆಯಿಂದ. ಹೊಟ್ಟೆ ಮೇಲೆದ್ದಾಗ ಪಕ್ಕೆಯ ಕೆಳಗೆ ಒಂದು ಸಣ್ಣ ಗುಳಿ ಬೀಳುತ್ತಿತ್ತು, ಹೆಬ್ಬೆರಳಿನಲ್ಲಿ ಒತ್ತಿದ ಹಾಗೆ. ಗಡಿಬಿಡಿಯಲ್ಲಿ ಒಂದಷ್ಟು ಉಸಿರು, ಹತ್ತಿರ ಹತ್ತಿರ, ತಡವಾಯಿತೆಂದು ಓಡುವವರ ಹಾಗೆ. ಆಮೇಲೆ ಒಂದು ಬಿಡುವು. ಆ ಬಿಡುವಿನಲ್ಲಿ ಕೆಳತುಟಿ ಸ್ವಲ್ಪ ಮುಂದೆ ಬರುತ್ತಿತ್ತು, ಏನನ್ನೋ ಯೋಚಿಸುತ್ತಿರುವಂತೆ. ಆಮೇಲೆ ಒಂದು ದೀರ್ಘ ಉಸಿರು, ಭುಜದ ಸಮೇತ. ಮತ್ತೆ ಗಡಿಬಿಡಿ.

ಯಾರೂ ಹೇಳಿಕೊಡದೆ! ಮೂರ್ತಿಂಗಳಿಗೆ ಬೆರಗೋ ಬೆರಗು. ಇಷ್ಟು ದಿನ ಅವಳು ಉಸಿರು ನಿಲ್ಲುವುದನ್ನು ಕಾದಿದ್ದಳು, ಉಸಿರು ಬರುವುದನ್ನು ನೋಡಿಯೇ ಇರಲಿಲ್ಲ. ಪ್ರತಿ ಬಿಡುವಿನ ಕೊನೆಯಲ್ಲಿ ಅದು ಬರುತ್ತಿತ್ತು. ಎಲ್ಲಿಂದ? ಯಾರು ಕಳಿಸುತ್ತಿದ್ದರು? ಆ ತಲೆಬುರುಡೆ ಒಂದು ಕಿತ್ತಳೆಗಿಂತ ಚೂರು ದೊಡ್ಡದು. ಅದರೊಳಗೆ ಯಾವುದೋ ಮೂಲೆಯಲ್ಲಿ ಏನೋ ಒಂದು ಕತ್ತಲಲ್ಲಿ ತಡಕಾಡಿ, ತಡಕಾಡಿ, ಸ್ವಿಚ್ಚು ಹುಡುಕಿಕೊಳ್ಳುತ್ತಿತ್ತು.

ದಿನಾ ಊಟದ ಬಿಡುವಿನಲ್ಲಿ ಅವಳು ಆ ಸ್ಟೂಲಿನ ಮೇಲೆ ಕೂತಳು. ಕಂಡಕ್ಟರಮ್ಮ ಮೊದಲೆರಡು ದಿನ ಮುಖ ತಿರುಗಿಸಿದಳು. ಮೂರನೇ ದಿನ ತಡೆಯಲಾರದೆ, “ಅಷ್ಟು ಏನು ನೋಡ್ತೀರಿ? ಟಿವೀನಾ?” ಎಂದು ಕೇಳಿದಳು. ಇವಳು ತೋರಿಸಿದಳು: ಗುಳಿ, ತುಟಿ, ಭುಜ. ಕಂಡಕ್ಟರಮ್ಮ ಬಾಗಿ ನೋಡಿದಳು. ಇನ್ನೂ ಬಾಗಿದಳು. ಆಮೇಲೆ ತನ್ನ ಸ್ಟೂಲನ್ನೂ ಎಳೆದುಕೊಂಡಳು.

ಎರಡನೇ ಸಲದ ವಾರದ ಕೊನೆಯ ಬೆಳಿಗ್ಗೆ. ಮಧ್ಯಾಹ್ನ ಡಾಕ್ಟರು ಬಂದು ಸರಿ ಎಂದರೆ ಮನೆ. ಕಿಟಕಿಯಿಂದ ಬಿಸಿಲು ನೆಲಕ್ಕೆ ಬಿದ್ದಿತ್ತು. ಯಾರೋ ನೆಲ ಒರೆಸಿ ಹೋಗಿದ್ದರು, ಫಿನಾಯಿಲಿನ ವಾಸನೆ. ಬೊಗಸೆ ಹಾಲು ಕುಡಿದು, ತೇಗಿ, ಮಲಗಿದ್ದಳು. ಇಬ್ಬರು ಹೆಂಗಸರೂ ಎರಡು ಕಡೆ.

ಗಡಿಬಿಡಿಯ ಉಸಿರುಗಳು ಮುಗಿದವು. ಬಿಡುವು ಬಂತು. ಕೆಳತುಟಿ ಮುಂದೆ ಬಂತು.

ಉಸಿರು ಬರಲಿಲ್ಲ.

ಮೂರ್ತಿಂಗಳು ಮನಸ್ಸಿನಲ್ಲೇ ಸೆಕೆಂಡು ಎಣಿಸತೊಡಗಿದಳು. ಇಪ್ಪತ್ತಕ್ಕೆ ಮೆಷಿನ್ನು ಕೂಗುತ್ತದೆ. ಕೂಗಿದರೆ ಮುಟ್ಟಲೇಬೇಕು, ತುಟಿಯ ಬಣ್ಣ ಹೋದರೆ ಕೂಗುವ ಮೊದಲೇ ಮುಟ್ಟಬೇಕು. ತುಟಿ ಕೆಂಪಗಿತ್ತು. ಕತ್ತಿನ ಪಕ್ಕದಲ್ಲಿ ನಾಡಿ ಟಕಟಕ ಹೊಡೆಯುತ್ತಿತ್ತು. ಆರು, ಏಳು. ಬೆರಳು ಆಗಲೇ ಅಂಗಾಲಿನ ಹತ್ತಿರ ಬಂದಿತ್ತು, ನಡುವೆ ಒಂದು ಕೂದಲೆಳೆಯಷ್ಟು ಜಾಗ. ಆ ಅಂಗಾಲಿನ ಬಿಸಿ ಬೆರಳ ತುದಿಗೆ ತಾಗುತ್ತಿತ್ತು. ಒಂಬತ್ತು. ಈ ಬೆರಳು ಮುಂದೆ ಹೋದರೆ ವಾರ ಹೋಯಿತು. ಹೋಗದಿದ್ದರೆ? ಬೂದಿ ಬಣ್ಣದ ಆ ತುಟಿ ಕಣ್ಣಮುಂದೆ ಬಂದು ಹೋಯಿತು. ಹನ್ನೊಂದು. ಕಂಡಕ್ಟರಮ್ಮ ಮಗಳನ್ನು ನೋಡುತ್ತಿರಲಿಲ್ಲ, ಇವಳನ್ನು ನೋಡುತ್ತಿದ್ದಳು. ಮುಟ್ಟಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ತುಟಿ ಮಾತ್ರ ಸದ್ದಿಲ್ಲದೆ ಆಡುತ್ತಿತ್ತು: ರೈಟ್, ರೈಟ್.

ಮೂರ್ತಿಂಗಳು ಬೊಗಸೆಯ ತುಟಿಯಿಂದ ಕಣ್ಣು ಕೀಳಲಿಲ್ಲ. ಕೆಂಪು. ಹದಿಮೂರು. ಇನ್ನೂ ಕೆಂಪು. ವಾರ್ಡಿನ ಸದ್ದೆಲ್ಲ ದೂರ ಸರಿದು, ಲೋಕದಲ್ಲಿ ಆ ಒಂದು ಹೊಟ್ಟೆ ಮಾತ್ರ ಉಳಿದ ಹಾಗಿತ್ತು, ನಿಂತ ನೀರಿನ ಹಾಗೆ ಸ್ತಬ್ಧ. ಹದಿನೈದು.

ಹುಬ್ಬು ಗಂಟಿಕ್ಕಿತು. ಮೊದಲು ಎಡದ್ದು, ಆಮೇಲೆ ಬಲದ್ದು. ಪಕ್ಕೆಯ ಕೆಳಗೆ ಗುಳಿ ಬಿತ್ತು. ಭುಜ ಮೇಲೆದ್ದಿತು, ಬಾಯಿ ತೆರೆಯಿತು, ಇಡೀ ಮೈ ಒಂದು ಚೀಲದಂತೆ ಗಾಳಿಯನ್ನು ಎಳೆದು ಎಳೆದು ತುಂಬಿಕೊಂಡಿತು. ಎಷ್ಟು ದೊಡ್ಡ ಉಸಿರು! ಅಷ್ಟು ಚಿಕ್ಕ ಮೈಯಲ್ಲಿ ಅಷ್ಟಕ್ಕೆ ಜಾಗವೆಲ್ಲಿತ್ತು? ಬೊಗಸೆ ಅದನ್ನು ಸಾವಕಾಶವಾಗಿ ಬಿಟ್ಟಳು, ಒಂದು ಸೀನು ಸೀನಿದಳು, ಮತ್ತೆ ತನ್ನ ಗಡಿಬಿಡಿಯ ಓಟ ಶುರು ಮಾಡಿದಳು. ಏನೂ ಆಗೇ ಇಲ್ಲ ಎಂಬಂತೆ.

ಯಾರೂ ಮುಟ್ಟಿರಲಿಲ್ಲ.

ಇಬ್ಬರೂ ಅಲ್ಲಾಡದೆ ಕೂತಿದ್ದರು. ಹಿಂದಿನಿಂದ ದೊಡ್ಡ ಸಿಸ್ಟರ ದನಿ ಕೇಳಿಸಿತು. ಯಾವಾಗ ಬಂದು ನಿಂತಿದ್ದರೋ.

“ಮಗು ಎಳ್ಕೊಂಡಾಯ್ತು. ಈಗ ನೀವಿಬ್ರೂ ಉಸಿರು ಬಿಡಿ. ಇಲ್ಲಾಂದ್ರೆ ನಿಮ್ಮ ಕಾಲು ತೀಡೋಕೆ ನನ್ನ ಮಂಡಿ ಬಗ್ಗಲ್ಲ.”

ಕಂಡಕ್ಟರಮ್ಮ ನಗಲು ಹೋಗಿ ಅತ್ತಳು. ತೊಟ್ಟಿಲಿನ ಮೇಲಿಂದ ಕೈ ಚಾಚಿ ಮೂರ್ತಿಂಗಳ ಮಣಿಕಟ್ಟು ಹಿಡಿದುಕೊಂಡಳು. “ಅವಳೇ ಮಾಡಿದ್ಲಲ್ವಾ ಸಿಸ್ಟರ್? ನೀವು ಮುಟ್ಟಿಲ್ಲ ತಾನೇ?”

“ಇಲ್ಲ ಕಣಮ್ಮಾ, ಅವಳೇ.”

“ಅವಳೇ,” ಕಂಡಕ್ಟರಮ್ಮ ತನಗೆ ತಾನೇ ಹೇಳಿಕೊಂಡಳು. ಆಮೇಲೆ ವಾರ್ಡಿಗೆಲ್ಲ ಕೇಳುವಂತೆ, “ಅವಳೇ ರೀ!”

ನಾಲ್ಕು ತೊಟ್ಟಿಲುಗಳಲ್ಲಿ ಅಳು ಎದ್ದಿತು. ದೊಡ್ಡ ಸಿಸ್ಟರ್ ಹಣೆ ಚಚ್ಚಿಕೊಂಡರು.

ಮಧ್ಯಾಹ್ನ ಬೊಗಸೆ ಮನೆಗೆ ಹೋದಳು. ಟೋಪಿ ದೊಡ್ಡದಾಗಿ ಕಣ್ಣಿನ ಮೇಲೆ ಬಂದಿತ್ತು. ಅವರಪ್ಪ ಮಗಳನ್ನು ಎತ್ತಿಕೊಂಡದ್ದು ತುಂಬಿದ ಕೊಡ ಎತ್ತಿಕೊಂಡ ಹಾಗೆ. ಹೆಜ್ಜೆ ಇಡಲೂ ಹೆದರುತ್ತಿದ್ದ.

ಡ್ಯೂಟಿ ಮುಗಿಸಿ ಮೂರ್ತಿಂಗಳು ಹೊರಗೆ ಬಂದಾಗ ಇನ್ನೂ ಬಿಸಿಲಿತ್ತು. ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಅಕ್ಕನಿಗೆ ಫೋನ್ ಮಾಡೋಣವೆಂದು ಕೂತಳು, ಮಾಡಲಿಲ್ಲ. ರಸ್ತೆ ನೋಡುತ್ತ ಉಳಿದಳು. ತರಕಾರಿ ಗಾಡಿ ತಳ್ಳುವವನ ಅಂಗಿ ಬೆನ್ನ ಮೇಲೆ ಏರಿ ಇಳಿಯುತ್ತಿತ್ತು. ಗೋಡೆಯ ನೆರಳಿನಲ್ಲಿ ಬಿದ್ದುಕೊಂಡ ನಾಯಿಯ ಪಕ್ಕೆ. ಸಿಗ್ನಲ್ಲಿಗೆ ಕಾಯುತ್ತಿದ್ದ ಪೊಲೀಸಿನವನ ಹೊಟ್ಟೆ, ಬೆಲ್ಟಿನ ಮೇಲೆ ಒಳಗೆ ಹೊರಗೆ. ಜಗಳವಾಡುತ್ತ ಹೋದ ಇಬ್ಬರು ಹುಡುಗಿಯರು ಜಗಳದ ನಡುವೆಯೂ, ಒಂದು ಬೈಗುಳಕ್ಕೂ ಇನ್ನೊಂದಕ್ಕೂ ನಡುವೆ, ತಪ್ಪದೆ ಉಸಿರೆಳೆದುಕೊಳ್ಳುತ್ತಿದ್ದರು. ಇಷ್ಟೊಂದು ಜನ! ಒಬ್ಬರಿಗೂ ಯಾರೂ ನೆನಪಿಸುತ್ತಿರಲಿಲ್ಲ.

ಬೆಂಚಿನ ಆ ತುದಿಯಲ್ಲಿ ಪೇಪರ್ ಓದುತ್ತಿದ್ದ ತಾತ ಪೇಪರ್ ಕೆಳಗಿಳಿಸಿದ.

“ಏನಮ್ಮಾ, ಆಗ್ಲಿಂದ ನನ್ನ ಅಂಗೀನೇ ನೋಡ್ತಿದ್ದೀಯ? ಗುಂಡಿ ಹೋಗಿದ್ಯಾ?”

“ಇಲ್ಲ ತಾತ. ಉಸಿರಾಡ್ತಿದ್ದೀರಲ್ಲ, ಅದನ್ನ ನೋಡ್ತಿದ್ದೆ.”

ತಾತ ಒಂದು ಕ್ಷಣ ಅವಳನ್ನು ದಿಟ್ಟಿಸಿದ. “ಯಾಕೆ, ನಿಲ್ಲಿಸ್ಬೇಕಿತ್ತಾ?”

“ಅಯ್ಯೋ ಬೇಡ! ತುಂಬ ಚೆನ್ನಾಗಿ ಮಾಡ್ತಿದ್ದೀರ.”

“ಹೌದಾ?” ತಾತ ತನ್ನ ಎದೆಯ ಕಡೆ ಬಗ್ಗಿ ನೋಡಿಕೊಂಡ. ಪೇಪರ್ ಮಡಚಿ ತೊಡೆಯ ಮೇಲಿಟ್ಟು, ಬೆನ್ನು ನೆಟ್ಟಗೆ ಮಾಡಿ, ಕಣ್ಣರಳಿಸಿ, ಇನ್ನೊಂದು ಉಸಿರು ಎಳೆದುಕೊಂಡ.